ಎರಡು ಬಾಗಿಲ ಡೇರೆ

(ಮಡಿಕೇರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ವರ್ಷದ ಉಪನ್ಯಾಸಕ್ಕೆ ವಿಷಯ ಯಾವುದೆಂದು ಸಂಘಟಕರು ಕೇಳಿದರು. ಉತ್ತರ ಕೊರಿಯಾದಿಂದ ತಪ್ಪಿಸಿಕೊಂಡು ಬಂದವರು, ಅವರನ್ನು ಹಿಡಿದಿಟ್ಟು ವಾಪಸ್ ಕಳಿಸುವ ಚೀನಾದ ಬಂಧನ ಕೇಂದ್ರಗಳು ಎಂದೆ. ಮಾನವ ಹಕ್ಕುಗಳ ಬಗ್ಗೆ ಮಾತಾಡಲು ಅಷ್ಟು ದೂರ ಹೋಗಬೇಕೆ ಎಂದು ಅವರಿಗೆ ಅನಿಸಿರಬೇಕು, ಬಾಯಿಬಿಟ್ಟು ಹೇಳಲಿಲ್ಲ. ಬೇರೆ ಊರಾಗಿದ್ದರೆ ನಾನೂ ಹಿಂದೆಮುಂದೆ ನೋಡುತ್ತಿದ್ದೆನೇನೋ. ಮಡಿಕೇರಿಯಲ್ಲಿ ನಿಂತು ಕೊರಿಯಾದ ಮಾತೆತ್ತಲು ನೆಪ ಹುಡುಕಬೇಕಾಗಿಲ್ಲ. ಇಲ್ಲಿನ ‘ಸನ್ನಿಸೈಡ್’ ಈಗ ವಸ್ತುಸಂಗ್ರಹಾಲಯ. ಆ ಮನೆಯ ಮಗ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ 1953ರ ಸೆಪ್ಟೆಂಬರಿನಿಂದ ಮುಂದಿನ ವರ್ಷದ ಫೆಬ್ರವರಿವರೆಗೆ ಎರಡು ಕೊರಿಯಾಗಳ ನಡುವಿನ ಸೇನಾರಹಿತ ಗಡಿಪಟ್ಟಿಯಲ್ಲಿ ಕೂತು ನಿಭಾಯಿಸಿದ್ದು ಇದೇ ಪ್ರಶ್ನೆಯನ್ನು: ತನ್ನ ದೇಶಕ್ಕೆ ಹೋಗಲಾರೆ ಎನ್ನುವವನನ್ನು ಏನು ಮಾಡುವುದು?

ನಾನಿಂದು ಹೇಳಬೇಕೆಂದಿರುವುದು ಒಂದೇ ಮಾತು. ನಿರಾಶ್ರಿತರ ಹಕ್ಕು ಎಂದಾಗ ನಮಗೆ ಊಟ, ಸೂರು, ಗುರುತಿನ ಚೀಟಿ ನೆನಪಾಗುತ್ತವೆ. ಇವೆಲ್ಲಕ್ಕಿಂತ ಮೊದಲು ಬರುವ ಹಕ್ಕು ಒಂದಿದೆ. ಯಾರಾದರೂ ಆ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ವಾಪಸ್ ಹೋದರೆ ನಿನಗೇನಾಗುತ್ತದೆ ಎಂದು ಕೇಳಬೇಕು, ಕೇಳಿ ಬರೆದುಕೊಳ್ಳಬೇಕು. ಮಿಕ್ಕ ಹಕ್ಕುಗಳೆಲ್ಲ ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ. ಉತ್ತರ ಕೊರಿಯನ್ನರ ಮಟ್ಟಿಗೆ ಚೀನಾ ಕೇಳದೆ ಬಿಟ್ಟಿರುವುದು ಈ ಪ್ರಶ್ನೆಯನ್ನೇ.

ಮೊದಲು 1953. ಕೊರಿಯಾ ಯುದ್ಧ ಶುರುವಾದದ್ದು 1950ರ ಜೂನ್‌ನಲ್ಲಿ. ಒಂದು ವರ್ಷದ ಹೊತ್ತಿಗೆ ಎರಡೂ ಕಡೆಯವರಿಗೆ ಗೆಲ್ಲಲಾಗದು ಎಂಬುದು ಗೊತ್ತಾಗಿತ್ತು; 1951ರ ಜುಲೈನಲ್ಲಿ ಮಾತುಕತೆಗೆ ಕೂತರು. ಗಡಿರೇಖೆ ಎಲ್ಲಿರಬೇಕು ಎಂಬುದು ಹೆಚ್ಚುಕಡಿಮೆ ತೀರ್ಮಾನವಾಯಿತು. ಆದರೂ ಕದನವಿರಾಮಕ್ಕೆ ಸಹಿ ಬೀಳಲು 1953ರ ಜುಲೈ 27 ಬರಬೇಕಾಯಿತು. ನಡುವಿನ ಕಾಲ ಬಹುಪಾಲು ಹೋದದ್ದು ಯುದ್ಧಕೈದಿಗಳ ಜಗಳದಲ್ಲಿ. 1949ರ ಜಿನೀವಾ ಒಪ್ಪಂದದ 118ನೆಯ ಪರಿಚ್ಛೇದ ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳಿಸಬೇಕು ಎನ್ನುತ್ತದೆ. ಕೈದಿಯ ಇಷ್ಟಾನಿಷ್ಟದ ಮಾತು ಅಲ್ಲಿಲ್ಲ. ಅದನ್ನೇ ಹಿಡಿದು ಚೀನಾ ಮತ್ತು ಉತ್ತರ ಕೊರಿಯಾ, ನಮ್ಮವರೆಲ್ಲರನ್ನೂ ಒಪ್ಪಿಸಿ ಎಂದವು. ಬಲವಂತವಾಗಿ ಯಾರನ್ನೂ ಕಳಿಸುವುದಿಲ್ಲ ಎಂದಿತು ಅಮೆರಿಕ. ಆ ಜಗಳ ಇತ್ಯರ್ಥವಾಗದೆ ಎಳೆದ ತಿಂಗಳುಗಳಲ್ಲಿ ರಣರಂಗದಲ್ಲಿ ಜನ ಸಾಯುತ್ತಲೇ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಭಾರತದ ಪರವಾಗಿ ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಒಂದು ಮಧ್ಯದ ದಾರಿ ಮುಂದಿಟ್ಟರು. ಹೋಗಲು ಒಪ್ಪದವರನ್ನು ತಟಸ್ಥ ದೇಶಗಳ ಆಯೋಗವೊಂದರ ವಶಕ್ಕೆ ಕೊಡುವುದು. ಅವರವರ ದೇಶದ ಪ್ರತಿನಿಧಿಗಳು ಬಂದು ಪ್ರತಿಯೊಬ್ಬನಿಗೂ ವಿವರಿಸುವುದು. ಆಮೇಲೆ ಅವನ ಇಷ್ಟ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಜೆಕೊಸ್ಲೊವಾಕಿಯಾ ಸದಸ್ಯ ದೇಶಗಳು. ಅಧ್ಯಕ್ಷತೆ ಭಾರತದ್ದು, ಎಂದರೆ ತಿಮ್ಮಯ್ಯನವರದು. ಕೈದಿಗಳನ್ನು ಕಾಯುವ ಹೊಣೆ ಮೇಜರ್ ಜನರಲ್ ಎಸ್.ಪಿ.ಪಿ. ತೋರಟ್ ಅವರ ಕೈಕೆಳಗಿನ ಭಾರತೀಯ ಪಡೆಗೆ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀಗೆ ಭಾರತವನ್ನು ಕಂಡರೆ ಆಗದು. ನಮ್ಮ ಸೈನಿಕರ ಕಾಲು ತನ್ನ ನೆಲಕ್ಕೆ ತಾಗಕೂಡದೆಂದು ಅವರು ಹಟ ಹಿಡಿದರು. ಹಾಗಾಗಿ ಇಂಚೋನ್ ಬಂದರಿಗೆ ಹಡಗಿನಲ್ಲಿ ಬಂದ ಇಡೀ ಪಡೆಯನ್ನು ಹೆಲಿಕಾಪ್ಟರ್‌ಗಳಲ್ಲಿ ಹೊತ್ತು ಆ ಗಡಿಪಟ್ಟಿಗೆ ಇಳಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಬಿಡಾರಕ್ಕೆ ‘ಹಿಂದ್ ನಗರ’ ಎಂದು ಹೆಸರಿಟ್ಟರು.

ಅವರ ವಶಕ್ಕೆ ಬಂದವರು ಅಮೆರಿಕದ ಕಡೆಯಿಂದ 22,600 ಚಿಲ್ಲರೆ ಕೈದಿಗಳು. ಅವರಲ್ಲಿ ಮೂರನೆಯ ಎರಡು ಪಾಲು ಚೀನೀಯರು, ಉಳಿದವರು ಉತ್ತರ ಕೊರಿಯನ್ನರು. ಇನ್ನೊಂದು ಕಡೆಯಿಂದ ಬಂದವರು 359. ವಿವರಣೆಗೆ ಡೇರೆಗಳನ್ನು ಹಾಕಿದರು. ಒಂದು ಬಾಗಿಲಿಂದ ಕೈದಿ ಒಳಗೆ ಬರುತ್ತಾನೆ. ಎದುರಿಗೆ ಅವನ ದೇಶದ ಅಧಿಕಾರಿಗಳು. ಪಕ್ಕದಲ್ಲಿ ಐದು ತಟಸ್ಥ ದೇಶದವರು, ದುಭಾಷಿಗಳು. ಮಾತು ಮುಗಿದ ಮೇಲೆ ಅವನು ಎದ್ದು ಎರಡು ಬಾಗಿಲುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಂದರಿಂದ ಹೊರಗೆ ಹೋದರೆ ಸ್ವದೇಶ, ಇನ್ನೊಂದರಿಂದ ಹೋದರೆ ಮತ್ತೆ ಶಿಬಿರ.

ಇದನ್ನು ಆದರ್ಶದ ಕತೆಯಾಗಿ ಹೇಳಲು ನನಗೆ ಮನಸ್ಸಿಲ್ಲ. ಶಿಬಿರಗಳೊಳಗೆ ಪುಂಡರ ರಾಜ್ಯವಿತ್ತು. ಕಮ್ಯುನಿಸ್ಟ್ ವಿರೋಧಿ ಮುಖಂಡರು ಕೈದಿಗಳ ಮೈಮೇಲೆ ಹಚ್ಚೆ ಹಾಕಿಸಿದ್ದರು. ಊರಿಗೆ ಹೋಗುತ್ತೇನೆ ಎಂದವರಿಗೆ ಒದೆ ಬೀಳುತ್ತಿತ್ತು, ಕೊಲೆಗಳೂ ನಡೆದವು. ಡೇರೆಯೊಳಗೆ ಬಂದವರು ವಿವರಿಸುವವರ ಮೇಲೆ ಉಗಿದರು, ಕೂಗಾಡಿದರು, ಕುರ್ಚಿ ಎಸೆದರು. ಒಮ್ಮೆ ಕೈದಿಗಳು ಭಾರತೀಯ ಅಧಿಕಾರಿಯೊಬ್ಬರನ್ನು ತಮ್ಮ ಆವರಣದೊಳಗೆ ಹಿಡಿದಿಟ್ಟುಕೊಂಡಾಗ ತೋರಟ್ ತಾವೇ ಒಳಹೊಕ್ಕು, ಗುಂಡು ಹಾರಿಸದೆ ಮಾತಿನಲ್ಲೇ ಬಿಡಿಸಿ ತಂದರು. ವಿವರಣೆಗೆಂದು ಇಟ್ಟಿದ್ದ ತೊಂಬತ್ತು ದಿನಗಳಲ್ಲಿ ಕೆಲಸ ನಡೆದದ್ದು ಕೆಲವೇ ದಿನ. ಬಹಳಷ್ಟು ಕೈದಿಗಳು ಡೇರೆಯ ಮುಖವನ್ನೇ ನೋಡಲಿಲ್ಲ. ಕೊನೆಗೆ ವಾಪಸ್ ಹೋಗಲು ಒಪ್ಪಿದವರು ಆರುನೂರ ಚಿಲ್ಲರೆ. ಉಳಿದವರನ್ನು 1954ರ ಜನವರಿಯಲ್ಲಿ ತಿಮ್ಮಯ್ಯ ಹಿಡಿದುಕೊಟ್ಟವರಿಗೇ ಹಿಂದಿರುಗಿಸಿದರು. ಚೀನೀಯರಲ್ಲಿ ಹೆಚ್ಚಿನವರು ತೈವಾನ್ ಸೇರಿದರು. ಅತ್ತ ಕಡೆಯಿಂದ ಇಪ್ಪತ್ತೊಂದು ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ ಊರಿಗೆ ಹೋಗಲು ಒಪ್ಪದೆ ಚೀನಾಕ್ಕೆ ಹೋದರು.

ಎಂಬತ್ತೆಂಟು ಜನ ಎರಡೂ ಕಡೆ ಬೇಡ ಎಂದರು. ಅವರು ಭಾರತೀಯ ಪಡೆಯ ಜೊತೆ ಹಡಗು ಹತ್ತಿ 1954ರ ಫೆಬ್ರವರಿಯಲ್ಲಿ ಮದರಾಸಿಗೆ ಬಂದಿಳಿದರು. ಕೆಲವರು ಇಲ್ಲೇ ಉಳಿದರು. ಹೆಚ್ಚಿನವರು ಎರಡು ಮೂರು ವರ್ಷಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು. ಕೊರಿಯಾದ ಚೋಯ್ ಇನ್‌ಹುನ್ 1960ರಲ್ಲಿ ಬರೆದ ‘ಚೌಕ’ ಕಾದಂಬರಿಯ ನಾಯಕ ಇಂಥವರಲ್ಲೊಬ್ಬ. ತಟಸ್ಥ ದೇಶಕ್ಕೆ ಹೊರಟ ಹಡಗಿನಲ್ಲಿ ಅವನ ಕತೆ ಮುಗಿಯುತ್ತದೆ. ದಕ್ಷಿಣ ಕೊರಿಯಾದಲ್ಲಿ ಅದನ್ನು ಓದದ ವಿದ್ಯಾವಂತರು ಕಡಿಮೆ. ನಮ್ಮಲ್ಲಿ ಆ ಎಂಬತ್ತೆಂಟು ಜನರ ಸುದ್ದಿ ಬಲ್ಲವರು ಎಷ್ಟಿದ್ದಾರು?

ಈ ಪ್ರಸಂಗದಲ್ಲಿ ನಾನು ಎತ್ತಿಹಿಡಿಯಬೇಕೆಂದಿರುವುದು ಬೇರೆ. ಪ್ರತಿ ಕೈದಿಯ ಎದುರು ಕೂತು ಮಾತಾಡುವ ಅವಕಾಶ ಬೇಕೇ ಬೇಕು ಎಂದು ಅಂದು ಪಟ್ಟು ಹಿಡಿದದ್ದು ಬೀಜಿಂಗ್. ಶಿಬಿರದೊಳಗೆ ಹೆದರಿಸಿಟ್ಟ ಮನುಷ್ಯನ ‘ಇಲ್ಲ’ಕ್ಕೆ ಬೆಲೆಯಿಲ್ಲ, ಅವನನ್ನು ಹೊರಗೆ ಕರೆತಂದು, ತಟಸ್ಥರ ಎದುರು, ಒಬ್ಬೊಬ್ಬನನ್ನಾಗಿ ಕೇಳಿ ಎಂಬುದು ಅವರ ವಾದ. ಒಳ್ಳೆಯ ವಾದವೇ. ಅದನ್ನು ಇವತ್ತು ತುಮೆನ್ ನದಿಯ ದಡಕ್ಕೆ ಒಯ್ದು ನೋಡೋಣ.

ಚೀನಾ ಮತ್ತು ಉತ್ತರ ಕೊರಿಯಾಗಳ ಗಡಿ ಎಂದರೆ ಬಹುಮಟ್ಟಿಗೆ ಎರಡು ನದಿಗಳು, ಪಶ್ಚಿಮಕ್ಕೆ ಯಾಲು, ಪೂರ್ವಕ್ಕೆ ತುಮೆನ್. ಯಾಲು ದೊಡ್ಡದು. ತುಮೆನ್ ಕೆಲವೆಡೆ ಸೊಂಟದ ಮಟ್ಟ. ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ನಡೆದೇ ದಾಟಬಹುದು. ಚೀನಾ ಕಡೆಯ ದಡದ ಯಾನ್‌ಬಿಯನ್ ಪ್ರದೇಶದಲ್ಲಿ ತಲೆಮಾರುಗಳಿಂದ ಕೊರಿಯನ್ ಮಾತಾಡುವ ಚೀನೀ ಪ್ರಜೆಗಳಿದ್ದಾರೆ. 1990ರ ದಶಕದ ನಡುವೆ ಉತ್ತರ ಕೊರಿಯಾದಲ್ಲಿ ಬರಗಾಲ ಬಿತ್ತು. ಸೋವಿಯತ್ ನೆರವು ನಿಂತಿತ್ತು, ಪ್ರವಾಹಗಳು ಬಂದವು, ಸರ್ಕಾರದ ಪಡಿತರ ವ್ಯವಸ್ಥೆ ಕುಸಿಯಿತು. ಲಕ್ಷಾಂತರ ಜನ ಸತ್ತರು. ಆ ಕಾಲಕ್ಕೆ ಸರ್ಕಾರ ಕೊಟ್ಟ ಹೆಸರು ‘ಕಷ್ಟದ ನಡಿಗೆ’. ಪಡಿತರದಲ್ಲಿ ಕೊನೆಯ ಸಾಲಿಗೆ ಬಿದ್ದದ್ದು ಈಶಾನ್ಯದ ಹಾಮ್‌ಗ್ಯೊಂಗ್ ಪ್ರಾಂತ್ಯ, ತುಮೆನ್ ನದಿಯ ದಡದ್ದು. ಜನ ನದಿಗಿಳಿದರು.

ದಾಟಿದವರಲ್ಲಿ ಹೆಂಗಸರೇ ಹೆಚ್ಚು. ಗಂಡಸರು ಸೈನ್ಯಕ್ಕೋ ಕಾರ್ಖಾನೆಗೋ ಕಟ್ಟುಬಿದ್ದಿದ್ದರು. ಸಂತೆಗೆ ಹೋಗಿ ಮಾರಿ ಮನೆ ನಡೆಸುತ್ತಿದ್ದವರು ಹೆಂಗಸರು. ಚೀನಾದ ಹಳ್ಳಿಗಳಲ್ಲಿ ಮದುವೆಗೆ ಹೆಣ್ಣಿರಲಿಲ್ಲ. ಹೋಟೆಲಿನಲ್ಲಿ ಕೆಲಸ ಕೊಡಿಸುತ್ತೇವೆ ಎಂದು ಕರೆತಂದ ದಳ್ಳಾಳಿಗಳು ಅವರನ್ನು ವಯಸ್ಸು ನೋಡಿ ಬೆಲೆ ಕಟ್ಟಿ ಮಾರಿದರು. ಹಾಗೆ ಬಂದವಳಿಗೆ ಮನೆ ಸಿಕ್ಕಿತು, ಕೆಲವೊಮ್ಮೆ ಒಳ್ಳೆಯ ಗಂಡನೂ ಸಿಕ್ಕಿದ್ದುಂಟು. ಕಾಗದ ಮಾತ್ರ ಸಿಗಲಿಲ್ಲ. ಕಾಗದವಿಲ್ಲದೆ ಆಸ್ಪತ್ರೆಗೆ ಹೋಗುವಂತಿಲ್ಲ, ರೈಲು ಹತ್ತುವಂತಿಲ್ಲ. ಪಕ್ಕದ ಮನೆಯವರ ಜೊತೆ ಬೇಲಿಯ ಜಗಳವಾದರೂ ಪೊಲೀಸರಿಗೆ ಸುಳಿವು ಹೋಗುತ್ತದೆ. ಹುಟ್ಟಿದ ಮಗುವನ್ನು ನೋಂದಾಯಿಸಲು ಹೋದರೆ ತಾಯಿ ಯಾರು ಎಂಬ ಪ್ರಶ್ನೆ ಬರುತ್ತದೆ. ತಾಯಿಯನ್ನು ಉಳಿಸಿಕೊಳ್ಳಲು ಮಗುವಿನ ಹೆಸರು ಬರೆಸದೆ ಬಿಟ್ಟ ಮನೆಗಳು ಅದೆಷ್ಟೋ. ಹೆಸರಿಲ್ಲದ ಮಗುವಿಗೆ ಶಾಲೆಯೂ ಇಲ್ಲ.

ಸಿಕ್ಕಿಬಿದ್ದವರನ್ನು ಮೊದಲು ಸ್ಥಳೀಯ ಠಾಣೆಯಲ್ಲಿಡುತ್ತಾರೆ. ಆಮೇಲೆ ಗಡಿ ಊರುಗಳಾದ ತುಮೆನ್, ಡಾನ್‌ಡೊಂಗ್‌ಗಳ ಬಂಧನ ಕೇಂದ್ರಗಳಿಗೆ ಸಾಗಿಸುತ್ತಾರೆ. ಒಂದು ವಾಹನಕ್ಕಾಗುವಷ್ಟು ಜನ ಸೇರಿದ ಮೇಲೆ ಸೇತುವೆ ದಾಟಿಸುತ್ತಾರೆ. ತುಮೆನ್ ಪಟ್ಟಣದ ಎದುರು ದಡದಲ್ಲಿರುವುದು ಉತ್ತರ ಕೊರಿಯಾದ ನಾಮ್‌ಯಾಂಗ್. ಸೇತುವೆ ದಾಟಲು ಕೆಲವು ನಿಮಿಷ ಸಾಕು. ಇಷ್ಟು ಸಲೀಸಾಗಿ ನಡೆಯಲು ಕಾರಣ 1986ರಲ್ಲಿ ಎರಡೂ ದೇಶಗಳ ಭದ್ರತಾ ಇಲಾಖೆಗಳು ಮಾಡಿಕೊಂಡ ಗಡಿ ಒಪ್ಪಂದ: ಅಕ್ರಮವಾಗಿ ದಾಟಿದವರ ಪಟ್ಟಿ ಸಮೇತ ಅವರನ್ನು ಒಪ್ಪಿಸಬೇಕು. ಮಾನವ ಹಕ್ಕು ಸಂಘಟನೆಗಳು ಗಮನಿಸಿರುವ ಇನ್ನೊಂದು ಸಂಗತಿ, ಕೆಲವು ಸಲ ಚೀನೀ ಅಧಿಕಾರಿಗಳು ವ್ಯಕ್ತಿಯ ಜೊತೆ ಅವರು ಎಲ್ಲಿ ಸಿಕ್ಕಿಬಿದ್ದರು ಎಂಬ ಮಾಹಿತಿಯನ್ನೂ ದಾಟಿಸುತ್ತಾರೆ. ಹಳ್ಳಿಯ ಅಡುಗೆಮನೆಯಲ್ಲಿ ಸಿಕ್ಕಿದಳೋ, ದಕ್ಷಿಣ ಕೊರಿಯಾಕ್ಕೆ ಹೋಗುವ ದಾರಿಯಲ್ಲಿ ಕುನ್‌ಮಿಂಗ್ ಬಳಿ ಸಿಕ್ಕಿದಳೋ ಎಂಬುದರ ಮೇಲೆ ಆಚೆ ದಡದಲ್ಲಿ ಅವಳ ಹಣೆಬರಹ.

ಆಚೆ ದಡದಲ್ಲಿ ನಡೆಯುವುದು ನಮಗೆ ಗೊತ್ತಾಗಿರುವುದು ಮತ್ತೆ ತಪ್ಪಿಸಿಕೊಂಡು ಬಂದವರ ಬಾಯಿಂದ. 2013ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ಒಂದು ವಿಚಾರಣಾ ಆಯೋಗ ನೇಮಿಸಿತು. ಆಸ್ಟ್ರೇಲಿಯಾದ ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಕಿರ್ಬಿ ಅಧ್ಯಕ್ಷರು. ಇಂಡೊನೇಷ್ಯಾದ ಮರ್ಜುಕಿ ದಾರುಸ್ಮಾನ್, ಸರ್ಬಿಯಾದ ಸೋನ್ಯಾ ಬಿಸೆರ್ಕೊ ಸದಸ್ಯರು. ಉತ್ತರ ಕೊರಿಯಾ ಅವರನ್ನು ಒಳಗೆ ಬಿಡಲಿಲ್ಲ, ಚೀನಾ ಗಡಿ ಪ್ರದೇಶಕ್ಕೆ ಬಿಡಲಿಲ್ಲ. ಅವರು ಸೋಲ್, ಟೋಕಿಯೊ, ಲಂಡನ್, ವಾಷಿಂಗ್ಟನ್‌ಗಳಲ್ಲಿ ಬಾಗಿಲು ತೆರೆದಿಟ್ಟು ಎಂಬತ್ತಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಕೇಳಿದರು. 2014ರ ಫೆಬ್ರವರಿಯಲ್ಲಿ ವರದಿ ಬಂತು.

ಆ ವರದಿಯ ಪ್ರಕಾರ ವಾಪಸ್ ಬಂದವರನ್ನು ಮೊದಲು ಹಿಡಿಯುವುದು ‘ಬೊವಿಬು’, ರಾಜ್ಯದ ಗುಪ್ತ ಪೊಲೀಸ್. ಬಟ್ಟೆ ಬಿಚ್ಚಿಸಿ ತಲಾಶು. ಹೆಂಗಸರನ್ನು ಬೆತ್ತಲೆ ನಿಲ್ಲಿಸಿ ಮೇಲಿಂದ ಮೇಲೆ ಬಸ್ಕಿ ಹೊಡೆಸುತ್ತಾರೆ, ದೇಹದೊಳಗೆ ಬಚ್ಚಿಟ್ಟ ಹಣ ಬೀಳಲೆಂದು. ನೋಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನುಂಗಿಕೊಂಡು ಬಂದವರಿದ್ದಾರೆ. ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಹಗಲಿಡೀ ಅಲುಗದೆ ಕೂರಬೇಕು. ಆಮೇಲೆ ಪ್ರಶ್ನೆಗಳು. ದಕ್ಷಿಣ ಕೊರಿಯಾದವರನ್ನು ಭೇಟಿಯಾದೆಯಾ? ಚರ್ಚಿಗೆ ಹೋದೆಯಾ? ಬೈಬಲ್ ಓದಿದೆಯಾ? ಸೋಲ್‌ನ ಧಾರಾವಾಹಿ ನೋಡಿದೆಯಾ? ದಕ್ಷಿಣಕ್ಕೆ ಹೋಗುವ ಇರಾದೆಯಿತ್ತಾ? ಉತ್ತರ ಬರುವವರೆಗೆ ಹೊಡೆತ. ಮೊರದಲ್ಲಿ ಕೇರಿದ ಹಾಗೆ ಜನರನ್ನು ಇಲ್ಲಿ ಬೇರೆ ಮಾಡುತ್ತಾರೆ. ಹೊಟ್ಟೆಪಾಡಿಗೆ ದಾಟಿದೆ ಎಂದು ನಂಬಿಸಬಲ್ಲವರು ಪೊಲೀಸರ ಕೈಗೆ ಹೋಗಿ ಕೆಲವು ತಿಂಗಳು ಕೂಲಿಶಿಬಿರ ಕಂಡು ಹೊರಬರಬಹುದು, ಅಥವಾ ವರ್ಷಗಟ್ಟಲೆ ‘ಕ್ಯೊಹ್ವಾಸೊ’, ಅಂದರೆ ಸೆರೆಮನೆ. ದಕ್ಷಿಣ ಕೊರಿಯಾದ ಅಥವಾ ಚರ್ಚಿನ ನಂಟು ಸಾಬೀತಾದವರು ‘ಕ್ವಾಲ್ಲಿಸೊ’ಗೆ. ಅದು ರಾಜಕೀಯ ಕೈದಿಗಳ ಶಿಬಿರ. ಅಲ್ಲಿಂದ ಬಿಡುಗಡೆಯ ಮಾತಿಲ್ಲ. ದೇಶದ್ರೋಹದ ಕಲಮಿಗೆ ಕನಿಷ್ಠ ಐದು ವರ್ಷ, ಗರಿಷ್ಠ ಮರಣದಂಡನೆ.

ಬಸುರಿಯರ ಗತಿ ಹೇಳದೆ ದಾಟಿಹೋಗುವಂತಿಲ್ಲ. ಚೀನೀ ತಂದೆಯ ಮಗು ಕೊರಿಯನ್ ರಕ್ತವನ್ನು ಕೆಡಿಸುತ್ತದೆ ಎಂದು ಬಲವಂತದ ಗರ್ಭಪಾತ ಮಾಡಿಸುತ್ತಾರೆ. ಸೋಲ್‌ನ ವಿಚಾರಣೆಯಲ್ಲಿ ಹೆಂಗಸೊಬ್ಬಳು ಹೇಳಿದ್ದು: ಬಂಧನದಲ್ಲಿದ್ದ ತಾಯಿಯೊಬ್ಬಳಿಗೆ ಹೆರಿಗೆಯಾಯಿತು, ಮಗುವನ್ನು ನೀರಿನಲ್ಲಿ ಮಕಾಡೆ ಹಾಕು ಎಂದು ಕಾವಲಿನವ ಅವಳಿಗೇ ಅಪ್ಪಣೆ ಮಾಡಿದ. ಅವಳು ಕಾಲು ಹಿಡಿದಳು. ಹೊಡೆತ ನಿಲ್ಲಲಿಲ್ಲ. ಕೊನೆಗೆ ಆ ಅಪ್ಪಣೆಯನ್ನು ಅವಳೇ ನಡೆಸಬೇಕಾಯಿತು. ಇಂಥ ಸಾಕ್ಷ್ಯಗಳು ಹಲವು ಇದ್ದವು. ವಾಪಸ್ ಬಂದವರ ಮೇಲೆ ನಡೆಯುತ್ತಿರುವುದು ಮಾನವತೆಯ ವಿರುದ್ಧದ ಅಪರಾಧ ಎಂದು ಆಯೋಗ ತೀರ್ಮಾನಿಸಿತು. ಕಿರ್ಬಿ ಚೀನಾಕ್ಕೂ ಪತ್ರ ಬರೆದು, ಇದರಲ್ಲಿ ನಿಮ್ಮ ಅಧಿಕಾರಿಗಳಿಗೂ ಪಾಲಿರಬಹುದು ಎಂದು ಎಚ್ಚರಿಸಿದರು.

ಚೀನಾದ ಉತ್ತರ ಸರಳ. ಇವರು ದುಡಿಮೆಗೆ ಬಂದವರು, ಆರ್ಥಿಕ ಕಾರಣಕ್ಕೆ ಗಡಿ ದಾಟಿದವರು; ನಿರಾಶ್ರಿತರಲ್ಲ. ಈ ವಾದವನ್ನು ತಳ್ಳಿಹಾಕುವ ಮುನ್ನ ತೂಗಿ ನೋಡಬೇಕು, ಏಕೆಂದರೆ ಅರ್ಧ ನಿಜವಿದೆ. ಹಸಿದು ಬಂದವರು ಬಹಳ. ಅಣ್ಣನಿಗೆ ಔಷಧಿ ತರಲು, ಸಾಲ ತೀರಿಸಲು ದಾಟಿದವರಿದ್ದಾರೆ. 1951ರ ನಿರಾಶ್ರಿತರ ಒಪ್ಪಂದ ಹಸಿವನ್ನು ಕಾರಣವಾಗಿ ಒಪ್ಪುವುದಿಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ, ಇವುಗಳಿಗಾಗಿ ಹಿಂಸೆಯ ಭಯವಿರಬೇಕು. ಆದರೆ ಆ ಒಪ್ಪಂದ ಕೇಳುವ ಪ್ರಶ್ನೆ ‘ಏಕೆ ಬಂದೆ’ ಎಂಬುದಲ್ಲ. ‘ಹೋದರೆ ಏನಾಗುತ್ತದೆ’ ಎಂಬುದು. ಊರು ಬಿಟ್ಟಾಗ ನಿರಾಶ್ರಿತನಲ್ಲದವನು ಹೊರಗಿರುವಾಗಲೇ ನಿರಾಶ್ರಿತನಾಗಬಹುದು ಎಂಬುದು ಈ ಕಾನೂನಿನಲ್ಲಿ ಹಳೆಯ ತತ್ವ. ಗಡಿ ದಾಟಿದ್ದನ್ನೇ ಉತ್ತರ ಕೊರಿಯಾ ರಾಜಕೀಯ ದ್ರೋಹ ಎಂದು ಓದುತ್ತದೆ. ಚರ್ಚಿನಲ್ಲಿ ಒಂದು ಹೊತ್ತು ಉಂಡದ್ದಕ್ಕೆ ಶಿಬಿರಕ್ಕೆ ಕಳಿಸುತ್ತದೆ. ಹಸಿವಿಗಾಗಿ ಬಂದವಳು ತುಮೆನ್ ಠಾಣೆಯಲ್ಲಿ ಕೂತ ಗಳಿಗೆಯಲ್ಲಿ ರಾಜಕೀಯ ಅಪರಾಧಿಯಾಗಿರುತ್ತಾಳೆ. ಅವಳನ್ನು ಹಾಗೆ ಮಾಡಿದ್ದರಲ್ಲಿ ಹಿಡಿದೊಪ್ಪಿಸುವವರ ಕೈಯೂ ಇದೆ.

ಇನ್ನು ಆರ್ಥಿಕ ಕಾರಣವೇ ಎಂದುಕೊಂಡರೂ ಅದನ್ನು ಕೇಳಿ ತೀರ್ಮಾನಿಸಿದವರು ಯಾರು? ಚೀನಾ ಆ ಒಪ್ಪಂದಕ್ಕೆ 1982ರ ಸೆಪ್ಟೆಂಬರಿನಲ್ಲಿ ಸೇರಿತು. ಚಿತ್ರಹಿಂಸೆಯ ವಿರುದ್ಧದ ಒಪ್ಪಂದವನ್ನು 1988ರಲ್ಲಿ ಅನುಮೋದಿಸಿತು. ಅದರ ಮೂರನೆಯ ಪರಿಚ್ಛೇದ ಚಿತ್ರಹಿಂಸೆಯ ಅಪಾಯವಿರುವಲ್ಲಿಗೆ ಯಾರನ್ನೂ ಕಳಿಸಕೂಡದು ಎನ್ನುತ್ತದೆ, ನಿರಾಶ್ರಿತನಾಗಿರಲಿ ಬಿಡಲಿ. 2013ರಲ್ಲಿ ಜಾರಿಗೆ ಬಂದ ಚೀನಾದ್ದೇ ಗಡಿ ಪ್ರವೇಶ ಕಾನೂನಿನ 46ನೆಯ ಪರಿಚ್ಛೇದದಲ್ಲಿ ನಿರಾಶ್ರಿತ ಸ್ಥಾನಕ್ಕೆ ಅರ್ಜಿ ಹಾಕಿದವರಿಗೆ ಪರಿಶೀಲನೆ ಮುಗಿಯುವವರೆಗೆ ತಾತ್ಕಾಲಿಕ ಗುರುತುಪತ್ರದ ಮೇಲೆ ಇರಬಹುದೆಂಬ ಅವಕಾಶವಿದೆ. ಕಾಗದದಲ್ಲಿ ಏನೂ ಕಡಿಮೆಯಿಲ್ಲ. ಉತ್ತರ ಕೊರಿಯನ್ನರಿಗೆ ಮಾತ್ರ ಆ ಅರ್ಜಿಯ ಕಿಟಕಿ ತೆರೆಯುವುದಿಲ್ಲ.

ಚೀನಾ ನಿರಾಶ್ರಿತರನ್ನೇ ಕಂಡಿಲ್ಲ ಎಂದೇನಲ್ಲ. 1978-79ರಲ್ಲಿ ವಿಯೆಟ್ನಾಂನಿಂದ ಓಡಿಬಂದ ಎರಡೂವರೆ ಲಕ್ಷಕ್ಕೂ ಮೀರಿದ ಜನರನ್ನು ಗುವಾಂಗ್ಸಿ, ಗುವಾಂಗ್‌ಡೊಂಗ್, ಯುನ್ನಾನ್‌ಗಳ ಸರ್ಕಾರಿ ತೋಟಗಳಲ್ಲಿ ನೆಲೆಗೊಳಿಸಿತು. ಬಹುಪಾಲು ಚೀನೀ ಮೂಲದವರು, ಶತ್ರು ದೇಶದಿಂದ ಬಂದವರು. ಉತ್ತರ ಕೊರಿಯಾ ಮಿತ್ರ ದೇಶ. ಮಿತ್ರನ ಮನೆಯಿಂದ ಓಡಿಬಂದವರನ್ನು ನಿರಾಶ್ರಿತರೆಂದರೆ ಮಿತ್ರನನ್ನು ಹಿಂಸಕನೆಂದು ಒಪ್ಪಿಕೊಂಡ ಹಾಗೆ. ಬಾಗಿಲು ಒಮ್ಮೆ ತೆರೆದರೆ 1989ರಲ್ಲಿ ಹಂಗೆರಿಯ ಗಡಿಯಿಂದ ಪೂರ್ವ ಜರ್ಮನಿ ಖಾಲಿಯಾದಂತೆ ಆದೀತೆಂಬ ಭಯವೂ ಬೀಜಿಂಗಿಗೆ ಇದೆ. ಅದು ರಾಜಕೀಯ ಲೆಕ್ಕಾಚಾರ, ಕಾನೂನಿನ ವಾದವಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಿ. ಚೀನಾವನ್ನು ಉದ್ದಕ್ಕೆ ದಾಟಿ ಲಾವೋಸ್ ಕಾಡಿನಿಂದ ಮೆಕಾಂಗ್ ನದಿಗೆ ಇಳಿದು ಥಾಯ್ಲೆಂಡ್ ಮುಟ್ಟಿದವರು ತಾವಾಗಿಯೇ ಪೊಲೀಸ್ ಠಾಣೆ ಹುಡುಕಿಕೊಂಡು ಹೋಗುತ್ತಾರೆ. ಅಕ್ರಮ ಪ್ರವೇಶಕ್ಕೆ ದಂಡ. ಕಟ್ಟಲಾಗದಿದ್ದರೆ ಕೆಲವು ದಿನ ಜೈಲು. ನಂತರ ಬ್ಯಾಂಕಾಕಿನ ವಲಸೆ ಬಂಧನ ಕೇಂದ್ರ. ಅದೇನು ಅರಮನೆಯಲ್ಲ. ಮಲಗಲು ಸರದಿ ಹಚ್ಚಬೇಕಾದಷ್ಟು ನೂಕುನುಗ್ಗಲು. ಆದರೆ ಅಲ್ಲಿಂದ ಗಡೀಪಾರಾಗುವುದು ಸೋಲ್‌ಗೆ. ಗಡೀಪಾರಾಗಬೇಕೆಂದೇ ಜನ ಸೆರೆಗೆ ಹೋಗಿ ಸಾಲು ನಿಲ್ಲುವ ಇನ್ನೊಂದು ಜಾಗ ನನಗೆ ಗೊತ್ತಿಲ್ಲ. ಥಾಯ್ಲೆಂಡ್ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಮಂಗೋಲಿಯಾವೂ ಹಾಕಿಲ್ಲ, ಗೋಬಿ ಮರುಭೂಮಿ ದಾಟಿ ಬಂದವರನ್ನು ಅದೂ ಸೋಲ್‌ಗೇ ಕಳಿಸಿದೆ. ಸಹಿ ಹಾಕಿದ ಚೀನಾ ಹಿಂದಕ್ಕಟ್ಟುತ್ತದೆ. ಸಹಿ ಇಲ್ಲದ ಲಾವೋಸ್ ಹೆಚ್ಚಾಗಿ ಕಣ್ಣುಮುಚ್ಚಿಕೊಳ್ಳುತ್ತದೆ, ಆದರೆ 2013ರ ಮೇ ತಿಂಗಳಲ್ಲಿ ಒಂಬತ್ತು ಹುಡುಗ ಹುಡುಗಿಯರನ್ನು ಹಿಡಿದು ಬೀಜಿಂಗ್ ಮೂಲಕ ಪ್ಯೊಂಗ್‌ಯಾಂಗಿಗೆ ವಿಮಾನ ಹತ್ತಿಸಿಬಿಟ್ಟಿತು.

ಸಹಿ ಹಾಕದವರ ಸಾಲಿನಲ್ಲಿ ಭಾರತವೂ ಇದೆ. ಇಲ್ಲಿಂದ ಕುಶಾಲನಗರ ದಾಟಿದರೆ ಬೈಲಕುಪ್ಪೆ. 1960ರಲ್ಲಿ ಮೈಸೂರು ರಾಜ್ಯ ಅಲ್ಲಿ ಟಿಬೆಟನ್ನರಿಗೆ ಸುಮಾರು ಮೂರು ಸಾವಿರ ಎಕರೆ ಕಾಡುಭೂಮಿ ಕೊಟ್ಟಾಗ ಯಾವ ಅಂತರರಾಷ್ಟ್ರೀಯ ಕಾಗದವೂ ನಮ್ಮನ್ನು ಕಟ್ಟಿಹಾಕಿರಲಿಲ್ಲ. ಅದೇ ಕಾಗದದ ಕೊರತೆ 2018ರಲ್ಲಿ ಏಳು ರೋಹಿಂಗ್ಯಾ ಗಂಡಸರನ್ನು ಮಣಿಪುರದ ಗಡಿಯಲ್ಲಿ ಮ್ಯಾನ್ಮಾರಿಗೆ ಒಪ್ಪಿಸಲೂ ಅನುಕೂಲವಾಯಿತು. ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ವಿದೇಶಿಯರಿಗೂ ಸಂವಿಧಾನದ 21ನೆಯ ವಿಧಿಯ ರಕ್ಷಣೆಯಿದೆ ಎಂದಿತು. 2021ರಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಕಾರ್ಯವಿಧಾನ ಪಾಲಿಸಿ ಗಡೀಪಾರು ಮಾಡಬಹುದೆಂದು ಬಿಟ್ಟಿತು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಹಳೆಯ ಹಾಸ್ಟೆಲ್ ಕಟ್ಟಡವೊಂದು ವಿದೇಶಿಯರ ಬಂಧನ ಕೇಂದ್ರವಾಗಿದೆ. ಅಲ್ಲಿ ಕೂತವರನ್ನು ಯಾರು, ಏನು ಕೇಳುತ್ತಾರೆ ಎಂಬುದನ್ನು ಈ ಸಭೆಯಲ್ಲಿರುವ ಕಾನೂನು ವಿದ್ಯಾರ್ಥಿಗಳು ಯಾರಾದರೂ ಅಧ್ಯಯನ ಮಾಡಿದರೆ ಒಳ್ಳೆಯದು. ನನ್ನ ವಿಷಯ ಅದಲ್ಲವಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ದಕ್ಷಿಣ ಕೊರಿಯಾಕ್ಕೆ ತಲುಪಿದವರು ಈವರೆಗೆ ಮೂವತ್ತನಾಲ್ಕು ಸಾವಿರ ಚಿಲ್ಲರೆ; ಅವರಲ್ಲಿ ಹತ್ತಕ್ಕೆ ಏಳು ಹೆಂಗಸರು. 2009ರಲ್ಲಿ 2,914 ಜನ ಬಂದರು, 2019ರಲ್ಲಿ 1,047. 2021ರಲ್ಲಿ ಬಂದವರು 63. ಕೋವಿಡ್ ನೆಪದಲ್ಲಿ 2020ರ ಜನವರಿಯಲ್ಲಿ ಉತ್ತರ ಕೊರಿಯಾ ಗಡಿ ಮುಚ್ಚಿತು. ಆಗಸ್ಟಿನಲ್ಲಿ ಗಡಿಯ ಪಟ್ಟಿಯೊಳಗೆ ಕಾಲಿಟ್ಟವರನ್ನು ಕಂಡಲ್ಲಿ ಗುಂಡಿಡುವ ಆದೇಶ ಹೊರಟಿತು. ತನ್ನ ಪ್ರಜೆಗಳನ್ನೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಚೀನಾದ ಕಾನೂನಿನಲ್ಲಿ ವಿದೇಶಿಯರನ್ನು ತನಿಖೆಗಾಗಿ ಹಿಡಿದಿಡಲು ಮೂವತ್ತು ದಿನ, ಜಟಿಲ ಪ್ರಕರಣವಾದರೆ ಅರವತ್ತು. ಸಿಕ್ಕಿಬಿದ್ದವರು ಆ ಕೇಂದ್ರಗಳಲ್ಲಿ ವರ್ಷಗಟ್ಟಲೆ ಕೂತರು. ಅತ್ತ ಒಪ್ಪಿಸಲು ಆಗದು, ಇತ್ತ ಬಿಡಲು ಮನಸ್ಸಿಲ್ಲ. ಪ್ರತಿಯೊಬ್ಬರನ್ನೂ ಕೂರಿಸಿ ಕೇಳಲು ಚೀನಾಕ್ಕೆ ಮೂರೂವರೆ ವರ್ಷ ಬಿಡುವು ಸಿಕ್ಕಿತ್ತು. ಕೇಳಲಿಲ್ಲ. 2023ರ ಆಗಸ್ಟಿನಲ್ಲಿ ಗಡಿ ತೆರೆಯಿತು. ಹಾಂಗ್‌ಝೌನಲ್ಲಿ ಮುಂದಿನ ತಿಂಗಳು ಏಷ್ಯನ್ ಕ್ರೀಡಾಕೂಟ ಶುರುವಾಯಿತು. ಉತ್ತರ ಕೊರಿಯಾದ ಕ್ರೀಡಾಪಟುಗಳೂ ಬಂದಿದ್ದರು. ನಮ್ಮವರು ನೂರು ಪದಕ ದಾಟಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೇವೆ. ಅಕ್ಟೋಬರ್ 8ರಂದು ಕೂಟ ಮುಗಿಯಿತು. 9ರ ರಾತ್ರಿ ತುಮೆನ್, ಹುಂಚುನ್, ಡಾನ್‌ಡೊಂಗ್ ಮೊದಲಾದ ದ್ವಾರಗಳಿಂದ ಒಟ್ಟಿಗೆ ಜನರನ್ನು ದಾಟಿಸಿದರು. ಮಾನವ ಹಕ್ಕು ಸಂಘಟನೆಗಳ ಪ್ರಕಾರ ಐನೂರಕ್ಕೂ ಹೆಚ್ಚು ಜನ, ಬಹುಪಾಲು ಹೆಂಗಸರು. ಕೇಳಿದ ಪತ್ರಕರ್ತರಿಗೆ ವಿದೇಶಾಂಗ ಇಲಾಖೆಯ ವಕ್ತಾರರು, ಚೀನಾದಲ್ಲಿ ‘ಪಲಾಯನ ಮಾಡಿದವರು’ ಎಂಬುವರೇ ಇಲ್ಲ ಎಂದರು.

ದಕ್ಷಿಣ ಕೊರಿಯಾವೂ ಈ ವಿಷಯದಲ್ಲಿ ತೊಳೆದ ಮುತ್ತಲ್ಲ. ಅದರ ಸಂವಿಧಾನದ ಪ್ರಕಾರ ಇಡೀ ಪರ್ಯಾಯ ದ್ವೀಪ ಒಂದೇ ದೇಶ, ಉತ್ತರದವರೂ ಪ್ರಜೆಗಳೇ. ಆದರೂ 2019ರ ನವೆಂಬರಿನಲ್ಲಿ ದೋಣಿಯಲ್ಲಿ ಬಂದ ಇಬ್ಬರು ಮೀನುಗಾರರನ್ನು, ಹದಿನಾರು ಜನ ಸಂಗಡಿಗರ ಕೊಲೆಯ ಆರೋಪ ಹೊರಿಸಿ, ಕೋರ್ಟಿಗೆ ಹಾಜರುಪಡಿಸದೆ ಕೆಲವೇ ದಿನಗಳಲ್ಲಿ ಗಡಿಯ ಪನ್‌ಮುಂಜೊಮ್‌ನಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ ಒಪ್ಪಿಸಿತು. ಕೊಲೆ ಮಾಡಿದ್ದಿರಬಹುದು; ವಿಚಾರಣೆ ಇದ್ದೇ ಇತ್ತಲ್ಲ, ಸೋಲ್‌ನಲ್ಲೇ. 2022ರಲ್ಲಿ ಹೊರಬಂದ ಫೋಟೋಗಳಲ್ಲಿ ಒಬ್ಬಾತ ಗಡಿರೇಖೆಯ ಹತ್ತಿರ ಹೋಗಲೊಲ್ಲದೆ ಕೊಸರಾಡುತ್ತಿದ್ದಾನೆ, ಸುತ್ತ ಸೂಟು ತೊಟ್ಟವರು ಅವನನ್ನು ಎಳೆಯುತ್ತಿದ್ದಾರೆ. ತಿಮ್ಮಯ್ಯನವರ ಡೇರೆಗಳಿದ್ದದ್ದು ಅಲ್ಲಿಂದ ದೂರವಲ್ಲ.

ಕೊನೆಯದಾಗಿ ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ವಿಷಯ. ಅದಕ್ಕೆ ಬೀಜಿಂಗಿನಲ್ಲಿ ಶಾಖೆಯಿದೆ; ಅದರ ಕಾರ್ಯಕಾರಿ ಸಮಿತಿಯಲ್ಲಿ ಚೀನಾವೂ ಸದಸ್ಯ. 1999ರಲ್ಲಿ ಗಡಿಗೆ ಹೋಗಿ ಬಂದ ಅದರ ತಂಡ ಅಲ್ಲಿ ನಿರಾಶ್ರಿತರೆನ್ನಬಹುದಾದವರಿದ್ದಾರೆ ಎಂದದ್ದೇ ತಡ, ಚೀನಾ ಆ ದಾರಿಯನ್ನು ಮುಚ್ಚಿತು. 2001ರಲ್ಲಿ ಒಂದು ಕುಟುಂಬ ಬೀಜಿಂಗಿನ ಆ ಕಚೇರಿಗೇ ಬಂದು ಕೂತಿತು. ಮರುವರ್ಷ ಇಪ್ಪತ್ತೈದು ಜನ ಸ್ಪೇನ್ ರಾಯಭಾರ ಕಚೇರಿಯ ಗೇಟಿನೊಳಗೆ ನುಗ್ಗಿದರು. ಕ್ಯಾಮೆರಾಗಳ ಮುಂದೆ ನಡೆದದ್ದರಿಂದ ಇವರೆಲ್ಲ ಮೂರನೆಯ ದೇಶದ ಮೂಲಕ ಸೋಲ್ ತಲುಪಿದರು. 2003ರಲ್ಲಿ ಹೈಕಮಿಷನರ್ ರೂಡ್ ಲುಬ್ಬರ್ಸ್, ಉತ್ತರ ಕೊರಿಯನ್ನರು ನಮ್ಮ ಕಾಳಜಿಯ ವ್ಯಾಪ್ತಿಗೆ ಬರುವವರು ಎಂದು ಘೋಷಿಸಿದರು. ಘೋಷಣೆ ಗಡಿಯವರೆಗೆ ಹೋಗಲಿಲ್ಲ.

ಆ ಕಚೇರಿಗೂ ಚೀನಾ ಸರ್ಕಾರಕ್ಕೂ 1995ರಲ್ಲಿ ಆದ ಒಪ್ಪಂದದಲ್ಲಿ ಆಶ್ರಯ ಬೇಡುವವರ ಬಳಿಗೆ ಸಿಬ್ಬಂದಿ ಅಡೆತಡೆಯಿಲ್ಲದೆ ಹೋಗಬಹುದೆಂದು ಬರೆದಿದೆ. ವ್ಯಾಜ್ಯ ಬಂದರೆ ಯಾವುದೇ ಒಂದು ಪಕ್ಷ ಮಧ್ಯಸ್ಥಿಕೆ ಕೇಳಬಹುದೆಂದೂ ಇದೆ. ಈ ಕಲಮನ್ನು ಆ ಕಚೇರಿ ಒಮ್ಮೆಯೂ ಬಳಸಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಚೀನಾ ದೊಡ್ಡ ದೇಶ, ಹಣ ಕೊಡುವ ದೇಶ. ಕೋರ್ಟು ಕಟ್ಟೆ ಹತ್ತಿಸಿದರೆ ಕಚೇರಿಯನ್ನೇ ಎತ್ತಂಗಡಿ ಮಾಡೀತು, ಈಗ ಬೇರೆ ದೇಶದ ಕೆಲವು ನಿರಾಶ್ರಿತರಿಗೆ ಆಗುತ್ತಿರುವ ಸಹಾಯವೂ ನಿಂತೀತು. ಈ ಎಚ್ಚರಿಕೆಯನ್ನು ಹೇಡಿತನ ಎಂದು ಬೈಯಲು ನಾನು ತಯಾರಿಲ್ಲ. ಆದರೆ ಮೂವತ್ತು ವರ್ಷದ ಮೆತ್ತಗಿನ ಮಾತುಕತೆಯಿಂದ ಒಬ್ಬ ಅಧಿಕಾರಿಗೂ ತುಮೆನ್ ಕೇಂದ್ರದ ಒಳಗೆ ಪ್ರವೇಶ ಸಿಕ್ಕಿಲ್ಲ. ಮಧ್ಯಸ್ಥಿಕೆಯಲ್ಲಿ ಸೋತರೂ ಚಿಂತೆಯಿಲ್ಲ. ಕೂರಲು ಒಪ್ಪಿದರೆ, ಇವರೆಲ್ಲ ಹೊಟ್ಟೆಪಾಡಿನವರು ಎಂಬ ತನ್ನ ಮಾತಿಗೆ ಚೀನಾ ಹೆಸರುಗಳ ಪಟ್ಟಿ, ದಿನಾಂಕ, ಹೇಳಿಕೆ ಪಡೆದವರ ಸಹಿ ತೋರಿಸಬೇಕಾಗುತ್ತದೆ. ಒಪ್ಪದಿದ್ದರೆ ಅದೂ ಕಡತಕ್ಕೆ ಸೇರುತ್ತದೆ. ಆ ಅರ್ಜಿ ಬರೆಯಲು ಎರಡು ಪುಟ ಸಾಕು.

ಪ್ರಶ್ನೆಗಳಿಗೆಂದು ಇಪ್ಪತ್ತು ನಿಮಿಷ ಉಳಿಸಿದ್ದೇನೆ. ಹಿಂದಿನ ಸಾಲಿನವರು ಮೊದಲು ಕೇಳಲಿ.